ಚರ್ಮದ ಕ್ಯಾನ್ಸರ್: ಬಿಸಿಲಷ್ಟೇ ಕಾರಣವಲ್ಲ, ಹಳೆಯ ಗಾಯವನ್ನೂ ಗಮನಿಸಿ

ಬೇಸಿಗೆ ಆರಂಭವಾಗುತ್ತಿದ್ದಂತೆ ಟಿವಿಯಲ್ಲಿ ಸನ್‌ಸ್ಕ್ರೀನ್ ಕ್ರೀಮುಗಳ ಜಾಹೀರಾತು ಶುರುವಾಗುತ್ತದೆ. ಅದರ ಬೆನ್ನಿಗೇ ಬಿಸಿಲಿನಿಂದ ಚರ್ಮದ ಕ್ಯಾನ್ಸರ್ ಬರುತ್ತದೆ ಎಂಬ ಎಚ್ಚರಿಕೆಯ ಲೇಖನಗಳೂ ಬರುತ್ತವೆ. ಇವುಗಳಲ್ಲಿ ಹೆಚ್ಚಿನವು ಆಸ್ಟ್ರೇಲಿಯಾ, ಅಮೆರಿಕಗಳ ಬಿಳಿಯರಿಗಾಗಿ ಬರೆದದ್ದನ್ನು ಹಾಗೆಯೇ ಕನ್ನಡಕ್ಕೆ ಇಳಿಸಿದಂಥವು. ಹೊಲದಲ್ಲಿ, ಕಲ್ಲು ಕ್ವಾರಿಯಲ್ಲಿ, ರೇಷ್ಮೆ ನೂಲಿನ ಬಿಸಿನೀರಿನ ಮುಂದೆ ದುಡಿಯುವ ನಮ್ಮವರಿಗೆ ಅವುಗಳಿಂದ ಸಿಗುವ ಪ್ರಯೋಜನ ಕಡಿಮೆ. ನಮ್ಮ ದೇಶದಲ್ಲಿ ಚರ್ಮದ ಕ್ಯಾನ್ಸರ್ ಬರುವ ದಾರಿಯೇ ಬೇರೆ.

ಈ ವಿಷಯ ತಿಳಿಯಲು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲೂಕುಗಳನ್ನು ನಾವು ಆರಿಸಿಕೊಂಡಿದ್ದೇವೆ. 2007ರಲ್ಲಿ ರಾಮನಗರ ಜಿಲ್ಲೆಯಾಗಿ ಬೇರ್ಪಟ್ಟು, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ಜಿಲ್ಲೆ ಇದು. ರಾಮನಗರದಲ್ಲಿ ರೇಷ್ಮೆ ಗೂಡಿನ ದೊಡ್ಡ ಮಾರುಕಟ್ಟೆ, ಚನ್ನಪಟ್ಟಣದಲ್ಲಿ ಬೊಂಬೆ ಕೆಲಸ, ಕನಕಪುರದ ಕಡೆ ಗ್ರಾನೈಟ್, ಎಲ್ಲೆಡೆ ರಾಗಿ, ಮಾವು, ಹಿಪ್ಪುನೇರಳೆ. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಕರಾವಳಿಯವರು ಈ ಊರುಗಳನ್ನು ಕಿಟಕಿಯಿಂದ ನೋಡಿರುತ್ತಾರೆ. 'ಶೋಲೆ' ಚಿತ್ರದ ಬಂಡೆಗಳು ಇಲ್ಲಿಯವೇ ಎಂಬುದೂ ಗೊತ್ತಿರುತ್ತದೆ. ಆ ಬಂಡೆಗಳ ಕೆಳಗೆ ದುಡಿಯುವವರ ಚರ್ಮದ ಬಗ್ಗೆ ಯೋಚಿಸಿದವರು ಕಡಿಮೆ.

ಬಿಸಿಲೂ ನಮ್ಮ ಬಣ್ಣವೂ

ಬಿಸಿಲಿನ ಶಾಖ ಬೇರೆ, ಅದರಲ್ಲಿರುವ ಅಲ್ಟ್ರಾವಯೊಲೆಟ್ ಕಿರಣಗಳು ಬೇರೆ. ಚರ್ಮವನ್ನು ಕೆಡಿಸುವುದು ಈ ಕಣ್ಣಿಗೆ ಕಾಣದ ಕಿರಣಗಳು. ಮಂಗಳೂರು ಮತ್ತು ರಾಮನಗರ ಹೆಚ್ಚು ಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ಮಂಗಳೂರಿನಲ್ಲಿ ಬೆವರು ಸುರಿಯುತ್ತದೆ, ರಾಮನಗರದಲ್ಲಿ ಗಾಳಿ ತಂಪಾಗಿರುತ್ತದೆ. ಹಾಗೆಂದು ಅಲ್ಲಿಯ ಬಿಸಿಲು ಸೌಮ್ಯವೆಂದು ತಿಳಿಯಬಾರದು. ಎತ್ತರದ ಪ್ರದೇಶವಾದ್ದರಿಂದ ಈ ಕಿರಣಗಳು ಸ್ವಲ್ಪ ಹೆಚ್ಚೇ ಇರುತ್ತವೆ. ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ನಡುಭಾಗದಲ್ಲಿ ಸೂರ್ಯ ಈ ಭಾಗದಲ್ಲಿ ನೇರ ನೆತ್ತಿಯ ಮೇಲೆ ಬಂದು, ನೆಟ್ಟ ಕಂಬಕ್ಕೂ ಮಧ್ಯಾಹ್ನ ನೆರಳಿಲ್ಲದಂತಾಗುತ್ತದೆ. ಯಾವ ಉಪಕರಣವೂ ಇಲ್ಲದೆ ಅಳೆಯುವ ವಿಧಾನ ಇದರಲ್ಲೇ ಇದೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ತೀಕ್ಷ್ಣವಾಗಿವೆ ಎಂದರ್ಥ.

ಇಷ್ಟು ಬಿಸಿಲಿದ್ದರೂ ನಮ್ಮವರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ರೋಗಿಗಳ ನೋಂದಣಿ ನಡೆಯುತ್ತಿದೆ. ಅದರಲ್ಲಿ ಚರ್ಮದ ಕ್ಯಾನ್ಸರಿನ ಪಾಲು ಬಹಳ ಸಣ್ಣದು. ಇದಕ್ಕೆ ಕಾರಣ ನಮ್ಮ ಚರ್ಮದ ಮೆಲನಿನ್ ಎಂಬ ಬಣ್ಣ. ಅದು ಜೀವಕೋಶಗಳ ಮೇಲೆ ಹಿಡಿದ ಕೊಡೆಯಂತೆ ಕೆಲಸ ಮಾಡುತ್ತದೆ. ಕಪ್ಪು ಎಂದು ಹೆಣ್ಣುಮಕ್ಕಳನ್ನು ಹೀಯಾಳಿಸುವ ಸಮಾಜಕ್ಕೆ ಈ ಮಾತು ಇನ್ನೂ ತಲುಪಿಲ್ಲ.

ಆದರೆ ಅಪರೂಪವಾದ್ದರಿಂದಲೇ ಇನ್ನೊಂದು ತೊಂದರೆ ಇದೆ. ಯಾರೂ ಅದನ್ನು ನಿರೀಕ್ಷಿಸುವುದಿಲ್ಲ. ರೋಗಿ ಹುಣ್ಣು ಎನ್ನುತ್ತಾನೆ, ಮೆಡಿಕಲ್ ಶಾಪಿನವರು ಮುಲಾಮು ಕೊಡುತ್ತಾರೆ, ತಿಂಗಳುಗಳು ಕಳೆಯುತ್ತವೆ.

ಸುಟ್ಟ ಕಲೆಯಲ್ಲಿ ಹುಟ್ಟುವ ಕ್ಯಾನ್ಸರ್

ನಮ್ಮಂಥ ಕಂದು ಬಣ್ಣದವರಲ್ಲಿ ಸ್ಕ್ವಾಮಸ್ ಸೆಲ್ ಎಂಬ ಜಾತಿಯ ಕ್ಯಾನ್ಸರ್ ಅನೇಕ ಸಲ ಹುಟ್ಟುವುದು ಬಿಸಿಲು ಬಿದ್ದ ಜಾಗದಲ್ಲಲ್ಲ, ಹಳೆಯ ಸುಟ್ಟ ಕಲೆಯಲ್ಲಿ ಅಥವಾ ವರ್ಷಗಟ್ಟಲೆ ಒಣಗದ ಹುಣ್ಣಿನಲ್ಲಿ. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೊಲಿನ್ 1828ರಲ್ಲಿ ಕಲೆಯ ಮೇಲೆ ಏಳುವ ಇಂಥ ಹುಣ್ಣುಗಳನ್ನು ವಿವರಿಸಿದ್ದರಿಂದ ಇಂದಿಗೂ ಇದಕ್ಕೆ ಮಾರ್ಜೊಲಿನ್ ಹುಣ್ಣು ಎಂಬ ಹೆಸರಿದೆ. ಸುಟ್ಟ ದಿನದಿಂದ ಕ್ಯಾನ್ಸರ್ ಕಾಣಿಸಿಕೊಳ್ಳಲು ಸಾಮಾನ್ಯವಾಗಿ 30 ವರ್ಷಗಳಷ್ಟು ಸಮಯ ಹಿಡಿಯುತ್ತದೆ. ಬಾಲ್ಯದಲ್ಲಿ ಬಿಸಿನೀರು ಬಿದ್ದವರಿಗೆ ನಡುವಯಸ್ಸಿನಲ್ಲಿ ಅದು ಕಾಡಬಹುದು. ಅಷ್ಟು ಹೊತ್ತಿಗೆ ಆ ಘಟನೆಯೇ ಮರೆತುಹೋಗಿರುತ್ತದೆ.

ರೇಷ್ಮೆ ಸೀಮೆಯಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ. ಗೂಡಿನಿಂದ ನೂಲು ಬಿಚ್ಚಬೇಕಾದರೆ ಮೊದಲು ಅದನ್ನು ಕುದಿಯುವ ನೀರಿನಲ್ಲಿ ಬೇಯಿಸಿ, ಎಳೆಗಳನ್ನು ಅಂಟಿಸಿಟ್ಟಿರುವ ಗೋಂದನ್ನು ಸಡಿಲಿಸಬೇಕು. ಚರಕದ ಮುಂದೆ ಕುಳಿತವರ ಕೈ ಇಡೀ ದಿನ ಬಿಸಿನೀರಿನಲ್ಲಿರುತ್ತದೆ. ಮನೆಗೆ ಅಂಟಿಕೊಂಡೇ ಒಲೆ, ಬಾಣಲೆ ಇರುವಲ್ಲಿ ಮಕ್ಕಳೂ ಓಡಾಡುತ್ತಾರೆ. ಕಾಲು ಜಾರುವುದು, ನೀರು ಚೆಲ್ಲುವುದು ಇಂಥ ಕಡೆ ಸುಲಭ.

ಆದ್ದರಿಂದ ಈ ಕ್ಯಾನ್ಸರಿನ ತಡೆ ಸುಟ್ಟ ದಿನವೇ ಆರಂಭವಾಗುತ್ತದೆ. ಸುಟ್ಟ ಜಾಗವನ್ನು ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಟೂತ್‌ಪೇಸ್ಟ್, ಶಾಯಿ, ಬೆಣ್ಣೆ, ಅರಿಶಿನ ಯಾವುದನ್ನೂ ಹಚ್ಚಬಾರದು. ಮಂಜುಗಡ್ಡೆಯೂ ಬೇಡ. ಆಳವಾದ ಗಾಯ ತಾನಾಗಿ ಮುಚ್ಚಲಿ ಎಂದು ತಿಂಗಳುಗಟ್ಟಲೆ ಕಾಯುವುದೇ ದೊಡ್ಡ ತಪ್ಪು. ಮೂರು ವಾರಗಳಲ್ಲಿ ಮುಚ್ಚದ ಗಾಯಕ್ಕೆ ಚರ್ಮ ಕಸಿ ಬೇಕಾಗಬಹುದು. ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಸುಟ್ಟಗಾಯಗಳಿಗೆ ಪ್ರತ್ಯೇಕ ವಿಭಾಗವೇ ಇದೆ. ಕಸಿ ಮಾಡಿಸಿಕೊಂಡವರ ಕಲೆ ಗಟ್ಟಿಯಾಗಿರುತ್ತದೆ. ಹಾಗೆಯೇ ಬಿಟ್ಟವರ ಕಲೆ ತೆಳುವಾಗಿ, ಮಡಚುವ ಜಾಗದಲ್ಲಿ ಎಳೆದುಕೊಂಡು, ಪದೇಪದೇ ಬಿರಿದು, ಮತ್ತೆ ಅರೆಬರೆ ಒಣಗುತ್ತದೆ. ಕ್ಯಾನ್ಸರ್ ಹುಟ್ಟುವುದು ಹೀಗೆ ಬಿರಿದು ಒಣಗುವ ಕಲೆಯಲ್ಲೇ.

ಕುಷ್ಠರೋಗ ವಾಸಿಯಾದರೂ ಪಾದದ ಸ್ಪರ್ಶ ಹೋದವರಿಗೆ ಅಂಗಾಲಿನಲ್ಲಿ ಉಳಿಯುವ ಹುಣ್ಣು, ವೆರಿಕೋಸ್ ನರದ ಹುಣ್ಣು ಇವುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಹಳೆಯ ಹುಣ್ಣಿನ ಅಂಚು ದಪ್ಪವಾಗಿ ಮೇಲೆದ್ದರೆ, ಹೂಕೋಸಿನಂತೆ ಮಾಂಸ ಬೆಳೆದರೆ, ಮುಟ್ಟಿದರೆ ರಕ್ತ ಬಂದರೆ, ದುರ್ವಾಸನೆ ಶುರುವಾದರೆ, ತೊಡೆಸಂದಿನಲ್ಲೋ ಕಂಕುಳಲ್ಲೋ ಗಂಟು ಕಂಡರೆ ಮುಲಾಮಿನ ಕಾಲ ಮುಗಿಯಿತೆಂದೇ ತಿಳಿಯಬೇಕು.

ಉಡುಪಿನಿಂದ ಬರುವ ಕ್ಯಾನ್ಸರೂ ಭಾರತದ್ದೇ ವಿಶೇಷ. ಮುಂಬೈಯ ಡಾ. ಖಾನೋಲ್ಕರ್ ಮತ್ತು ಅವರ ಸಹೋದ್ಯೋಗಿ 1945ರಲ್ಲಿಯೇ ಧೋತಿ ಬಿಗಿದು ಕಟ್ಟುವ ಸೊಂಟದ ಜಾಗದಲ್ಲಿ ಕ್ಯಾನ್ಸರ್ ಕಂಡದ್ದನ್ನು ಬರೆದರು. ಮುಂದೆ ಸೀರೆ ಉಡುವ ಹೆಂಗಸರಲ್ಲೂ ಅದು ಕಂಡುಬಂತು. ಒಳಲಂಗದ ಲಾಡಿಯನ್ನು ಹತ್ತಾರು ವರ್ಷ ಒಂದೇ ಜಾಗಕ್ಕೆ ಬಿಗಿದರೆ ಅಲ್ಲಿ ಕಪ್ಪು ಪಟ್ಟಿ, ತುರಿಕೆ, ಬಿರುಕು, ಅಪರೂಪಕ್ಕೆ ಕ್ಯಾನ್ಸರ್. ಬೆವರಿನಲ್ಲಿ ದುಡಿಯುವ ನಮ್ಮ ಕರಾವಳಿಯ ಹೆಂಗಸರಿಗೂ ಇದು ತಿಳಿದಿರಲಿ. ಲಾಡಿ ಅಗಲವಾಗಿರಲಿ, ಕಟ್ಟುವ ಜಾಗ ಆಗಾಗ ಬದಲಾಗಲಿ. ಕಾಶ್ಮೀರದಲ್ಲಿ ಚಳಿಗೆ ಕೆಂಡದ ಕಾಂಗ್ಡಿಯನ್ನು ಹೊಟ್ಟೆಯ ಬಳಿ ಇಟ್ಟುಕೊಳ್ಳುವವರಿಗೆ ತೊಡೆ, ಹೊಟ್ಟೆಯ ಮೇಲೆ ಬರುವ ಕ್ಯಾನ್ಸರ್ ಕೂಡ ಇದೇ ಕುಟುಂಬಕ್ಕೆ ಸೇರಿದ್ದು.

ಅಂಗಾಲಿನ ಕಪ್ಪು ಮಚ್ಚೆ

ಮೆಲನೋಮ ಎಂಬುದು ಚರ್ಮದ ಕ್ಯಾನ್ಸರುಗಳಲ್ಲಿ ಅತಿ ಅಪಾಯಕಾರಿ. ಬಿಳಿಯರಿಗೆ ಇದು ಬೆನ್ನು, ಕಾಲುಗಳ ಮೇಲೆ ಬರುವುದು ಹೆಚ್ಚು. ನಮ್ಮವರಿಗೆ ಬರುವುದು ಹೆಚ್ಚಾಗಿ ಅಂಗಾಲು, ಅಂಗೈ, ಉಗುರಿನ ಅಡಿಯಲ್ಲಿ, ಅಂದರೆ ಬಿಸಿಲೇ ತಾಗದ ಕಡೆ. ಗಾಯಕ ಬಾಬ್ ಮಾರ್ಲಿ 1977ರಲ್ಲಿ ಕಾಲಿನ ಹೆಬ್ಬೆರಳಿನ ನೋವನ್ನು ಫುಟ್‌ಬಾಲ್ ಆಡುವಾಗ ಆದ ಗಾಯವೆಂದುಕೊಂಡಿದ್ದರು. ಅದು ಉಗುರಿನಡಿಯ ಮೆಲನೋಮ ಆಗಿತ್ತು. 1981ರಲ್ಲಿ, 36ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಬರಿಗಾಲಲ್ಲಿ ಹೊಲಕ್ಕಿಳಿಯುವವರು ಅಂಗಾಲಿನ ಕಪ್ಪನ್ನು ಮುಳ್ಳಿನ ಗುರುತೆಂದೋ ಆಣಿಯೆಂದೋ ಬಿಡುವುದು ಸಹಜ. ವಾರಕ್ಕೊಮ್ಮೆ ಸ್ನಾನದ ನಂತರ ಅಂಗಾಲನ್ನು ತಿರುಗಿಸಿ ನೋಡಿಕೊಳ್ಳಬೇಕು. ವಯಸ್ಸಾದವರದ್ದನ್ನು ಮನೆಯವರು ನೋಡಬೇಕು. ಬೆಳೆಯುತ್ತಿರುವ, ಅಂಚು ವಕ್ರವಾದ, ಎರಡು ಮೂರು ಬಣ್ಣವಿರುವ ಮಚ್ಚೆಯನ್ನು ವೈದ್ಯರಿಗೆ ತೋರಿಸಬೇಕು. ಉಗುರಿನ ಕಪ್ಪು ಗೆರೆ ಅಗಲವಾಗುತ್ತ ಬುಡದ ಚರ್ಮಕ್ಕೂ ಹರಡಿದರೆ ತಡಮಾಡಬಾರದು. ಮನೆಯಲ್ಲೇ ಬ್ಲೇಡಿನಿಂದ ಕೆರೆಯುವುದು, ಆಸಿಡ್ ಹಾಕುವುದು ಖಂಡಿತ ಕೂಡದು.

ಮುಖದ ಮೇಲೆ ಬರುವ ಬೇಸಲ್ ಸೆಲ್ ಕ್ಯಾನ್ಸರ್ ಇವುಗಳಿಗಿಂತ ಸೌಮ್ಯ. ಅದಕ್ಕೆ ಮಾತ್ರ ಬಿಸಿಲಿನ ಪಾತ್ರ ದೊಡ್ಡದು. ಮೂಗಿನ ಪಕ್ಕ ಅಥವಾ ಕಣ್ಣಿನ ಕೆಳಗೆ ಹೊಳೆಯುವ ಕರಿ ಗುಳ್ಳೆಯಂತೆ ಕಂಡು, ನಡುವೆ ಹುಣ್ಣಾಗಿ, ವರ್ಷಗಟ್ಟಲೆ ನಿಧಾನವಾಗಿ ಕೊರೆಯುತ್ತದೆ. ದೇಹದ ಬೇರೆ ಭಾಗಕ್ಕೆ ಹರಡುವುದು ತೀರ ಅಪರೂಪ. ಆದರೆ ಬಿಟ್ಟರೆ ಮೂಗು, ಕಣ್ಣುಗಳನ್ನೇ ತಿನ್ನಬಲ್ಲದು.

ಬಿಸಿಲಿಗೆ ನಿಜವಾಗಿ ಹೆದರಬೇಕಾದವರು

ಹುಟ್ಟಿನಿಂದಲೇ ಕೂದಲು, ಚರ್ಮ ಬೆಳ್ಳಗಿರುವ ಆಲ್ಬಿನಿಸಂ ಮಕ್ಕಳಿಗೆ ಮೆಲನಿನ್ನಿನ ಕೊಡೆಯೇ ಇಲ್ಲ. ಇದು ತೊನ್ನಲ್ಲ, ಅಂಟುವುದೂ ಇಲ್ಲ. ಇನ್ನೂ ಅಪರೂಪದ್ದು ಝೀರೊಡರ್ಮ ಪಿಗ್ಮೆಂಟೋಸಂ: ಬಿಸಿಲಿನಿಂದ ಜೀವಕೋಶಗಳಿಗಾದ ಹಾನಿಯನ್ನು ದೇಹ ದುರಸ್ತಿ ಮಾಡಿಕೊಳ್ಳಲಾಗದ ಸ್ಥಿತಿ. ಈ ಮಕ್ಕಳಿಗೆ ಎರಡು ಮೂರು ವರ್ಷಕ್ಕೇ ಮುಖದ ತುಂಬ ಚುಕ್ಕೆಗಳು, ಬೆಳಕು ಕಂಡರೆ ಕಣ್ಣು ಮುಚ್ಚಿಕೊಳ್ಳುವುದು, ಹತ್ತು ವರ್ಷದೊಳಗೇ ಕ್ಯಾನ್ಸರ್. ಇವೆರಡೂ ತಂದೆ, ತಾಯಿ ಇಬ್ಬರ ಕಡೆಯಿಂದಲೂ ದೋಷವಿರುವ ಜೀನ್ ಬಂದಾಗ ಕಾಣಿಸಿಕೊಳ್ಳುತ್ತವೆ. ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ಪದ್ಧತಿ ಹಳೆ ಮೈಸೂರು ಸೀಮೆಯಲ್ಲಿ ಇನ್ನೂ ಇರುವುದರಿಂದ ಈ ಸಾಧ್ಯತೆ ಹೆಚ್ಚು. ಇಂಥ ಮಗುವಿಗೆ ಶಾಲೆಯಲ್ಲಿ ಕಿಟಕಿಯಿಂದ ದೂರದ ಬೆಂಚು, ತುಂಬುತೋಳಿನ ಬಟ್ಟೆ, ಟೋಪಿ, ಕನ್ನಡಕ, ಪ್ರತಿದಿನ ಸನ್‌ಸ್ಕ್ರೀನ್ ಬೇಕೇ ಬೇಕು. ಮೈದಾನದಲ್ಲಿ ಸಾಲಾಗಿ ನಿಲ್ಲಿಸುವ ಮೊದಲು ಶಿಕ್ಷಕರು ಈ ಮಗುವನ್ನು ನೆನೆಯಬೇಕು. ಕಿಡ್ನಿ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಎಚ್ಚರ ಬೇಕು.

ಉಳಿದವರಿಗೆ ಬಿಸಿಲು ಮಾಡುವ ಹಾನಿ ಎಂದರೆ ಬಂಗು, ಸುಕ್ಕು, ಕಣ್ಣಿನ ಪೊರೆ. ಕೂಲಿಯವರಿಗೆ ಎರಡು ಗಂಟೆಗೊಮ್ಮೆ ಕ್ರೀಮು ಹಚ್ಚಿ ಎನ್ನುವುದು ತಮಾಷೆಯಾದೀತು. ಹಿಪ್ಪುನೇರಳೆ ಸೊಪ್ಪು ಬಾಡದಿರಲೆಂದು ರೇಷ್ಮೆ ರೈತರು ಬೆಳಗಿನ ತಂಪಿನಲ್ಲೇ ಕೊಯ್ಯುತ್ತಾರೆ. ಎಲೆಗೆ ತೋರುವ ಈ ಕಾಳಜಿ ಮಾವು ಕೀಳುವವರಿಗೂ ಕಲ್ಲು ಒಡೆಯುವವರಿಗೂ ಸಿಕ್ಕಿ, 11ರಿಂದ 3 ಗಂಟೆಯವರೆಗೆ ನೆರಳಿನ ಕೆಲಸವಾದರೆ ಅರ್ಧ ರಕ್ಷಣೆ ಆಯಿತು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಶರ್ಟು ಹಾಕಿ ಕೆಲಸಕ್ಕೆ ಬರುವ ಹೆಂಗಸರದ್ದು ಯಾವ ಕ್ರೀಮಿಗೂ ಕಡಿಮೆಯಿಲ್ಲದ ಉಪಾಯ. ನಮ್ಮ ಮುಟ್ಟಾಳೆ ನೆತ್ತಿಯನ್ನು ಕಾಯುತ್ತದೆ, ಕಿವಿ, ಕತ್ತನ್ನು ಕಾಯುವುದಿಲ್ಲ. ಟವೆಲ್ ಸುತ್ತಿದರೆ ಅದೂ ಆಯಿತು.

ಬಿಸಿಲಿನ ಅಲರ್ಜಿ ಎಂದು ಬರುವ ರೈತರಲ್ಲಿ ಕೆಲವರಿಗೆ ನಿಜವಾದ ಕಾರಣ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ. ರೆಪ್ಪೆ, ಕತ್ತು, ಮೊಣಕೈ ಮಡಿಕೆಗಳಲ್ಲಿ ದಪ್ಪನೆಯ ತುರಿಕೆ ಇದರ ಗುರುತು. ಹೂ ಬಿಡುವ ಮೊದಲೇ, ಕೈಗವಸು ಹಾಕಿ ಕೀಳಬೇಕು. ಇದಕ್ಕೂ ಬಂಗಿಗೂ ಅಂಗಡಿಯಿಂದ ಸ್ಟೀರಾಯ್ಡ್ ಕ್ರೀಮು ತಂದು ತಿಂಗಳುಗಟ್ಟಲೆ ಹಚ್ಚುವವರು ಬಹಳ. ಮೊದಲ ವಾರ ಬೆಳ್ಳಗೆ ಕಂಡ ಮುಖ ಮುಂದೆ ತೆಳುವಾಗಿ, ಕೆಂಪಾಗಿ, ಬಿಸಿಲನ್ನೇ ತಾಳದಂತಾಗುತ್ತದೆ.

ಚಿಕಿತ್ಸೆ

ನಾಲ್ಕರಿಂದ ಆರು ವಾರಗಳಲ್ಲಿ ವಾಸಿಯಾಗದ ಯಾವುದೇ ಹುಣ್ಣಿಗೆ ಬಯಾಪ್ಸಿ ಆಗಬೇಕು. ಆ ಜಾಗವನ್ನಷ್ಟೇ ಮರಗಟ್ಟಿಸಿ ಸಣ್ಣ ತುಂಡು ತೆಗೆದು ಪರೀಕ್ಷಿಸುತ್ತಾರೆ. ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ನಂಬಿಕೆಯಿಂದ ಎಷ್ಟೋ ಜನ ತಪ್ಪಿಸಿಕೊಳ್ಳುತ್ತಾರೆ. ಅದು ಸುಳ್ಳು. ಬೇಗ ಸಿಕ್ಕಿದರೆ ಸುತ್ತಲಿನ ಸ್ವಲ್ಪ ಒಳ್ಳೆಯ ಚರ್ಮದೊಂದಿಗೆ ಕತ್ತರಿಸಿ ತೆಗೆಯುವುದೇ ಮುಖ್ಯ ಚಿಕಿತ್ಸೆ. ಬಹುಪಾಲು ಜನ ಅಷ್ಟರಲ್ಲೇ ಗುಣವಾಗುತ್ತಾರೆ. ಗಂಟುಗಳಿಗೆ ಹರಡಿದ್ದರೆ ಅವನ್ನೂ ತೆಗೆದು ವಿಕಿರಣ ಕೊಡಬೇಕಾಗಬಹುದು. ತಡವಾದರೆ ಬೆರಳು, ಕೆಲವೊಮ್ಮೆ ಕಾಲೇ ಹೋಗುತ್ತದೆ.

1973ರಲ್ಲಿ ಸ್ಥಾಪನೆಯಾದ ಕಿದ್ವಾಯಿ ರಾಮನಗರದಿಂದ ಒಂದೆರಡು ಗಂಟೆಯ ದಾರಿ. ಕರಾವಳಿಯವರಿಗೆ ಮಂಗಳೂರಿನ ಫಾದರ್ ಮುಲ್ಲರ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಗಳ ಚರ್ಮರೋಗ ವಿಭಾಗಗಳು ಹತ್ತಿರ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ವರೆಗೆ ಚಿಕಿತ್ಸೆ ಸಿಗುತ್ತದೆ. ತಾಲೂಕು ಆಸ್ಪತ್ರೆಯಿಂದ ರೆಫರಲ್ ಚೀಟಿ, ಪಡಿತರ ಚೀಟಿ, ಆಧಾರ್ ಜೊತೆಗಿರಲಿ. ಹುಣ್ಣಿನ ಪಕ್ಕ ಒಂದು ರೂಪಾಯಿಯ ನಾಣ್ಯವಿಟ್ಟು ವಾರಕ್ಕೊಮ್ಮೆ ಮೊಬೈಲಿನಲ್ಲಿ ತೆಗೆದ ಫೋಟೋಗಳಿದ್ದರೆ, ಅದು ಎಷ್ಟು ಬೆಳೆಯಿತೆಂದು ವೈದ್ಯರು ನೋಡಿದ ಕೂಡಲೇ ತಿಳಿದುಕೊಳ್ಳಬಲ್ಲರು.