ಪರದೆಯ ಮೇಲಿನ ಅಂಗಡಿಕಾರ

ಅಕ್ಕಲಕೋಟೆಯ ನಮ್ಮ ಮನೆಯಲ್ಲಿ ಸಿನಿಮಾ ನೋಡುವುದಕ್ಕೂ ಒಂದು ಕಟ್ಟಳೆ ಇತ್ತು. ದಶಲಕ್ಷಣ ಪರ್ವದಲ್ಲಿ ಅದರ ಮಾತೇ ಎತ್ತುವಂತಿರಲಿಲ್ಲ. ಉಳಿದ ದಿನಗಳಲ್ಲಿ ಸೋಲಾಪುರಕ್ಕೆ ಹೋದರೂ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಅಜ್ಜಿ ಕಟ್ಟಿಕೊಟ್ಟ ದಶಮಿ, ಶೇಂಗಾ ಚಟ್ನಿಯ ಗಂಟನ್ನು ಭಾಗವತ ಚಿತ್ರಮಂದಿರದ ಹೊರಗೇ ಬಿಚ್ಚಿ, ಉಂಡು, ಸಂಜೆಯ ಆಟಕ್ಕೆ ಒಳಗೆ ಹೋಗುತ್ತಿದ್ದೆವು.

ಹೊಡೆದಾಟದ ಸಿನಿಮಾ ಎಂದರೆ ನಮಗೆ ಪ್ರಾಣ. ಇರುವೆಯನ್ನೂ ತುಳಿಯಬೇಡ ಎಂದು ಕಲಿಸಿದ ಮನೆಯ ಮಕ್ಕಳು ನಾವು. ಆದರೂ ನಾಯಕ ಕೈ ಎತ್ತಿದ ಕೂಡಲೇ ಸೀಟಿ ಹೊಡೆಯುತ್ತಿದ್ದೆವು. 1971ರ ‘ಹಾಥಿ ಮೇರೆ ಸಾಥಿ’, ಡಾ. ರಾಜಕುಮಾರ್ ಅರಣ್ಯಾಧಿಕಾರಿಯಾದ 1973ರ ‘ಗಂಧದ ಗುಡಿ’, 1987ರ ‘ಮಿಸ್ಟರ್ ಇಂಡಿಯಾ’ ನಮ್ಮ ಅಚ್ಚುಮೆಚ್ಚಿನವು. ಹಳೆಯ ಚಿತ್ರಗಳೂ ಆಗ ಮತ್ತೆ ಮತ್ತೆ ತೆರೆಗೆ ಬರುತ್ತಿದ್ದವು.

ಕಳೆದ ದೀಪಾವಳಿಗೆ ಅಣ್ಣತಮ್ಮಂದಿರೆಲ್ಲ ಕೂಡಿದಾಗ, ಮಕ್ಕಳಿಗೂ ತೋರಿಸೋಣವೆಂದು ಟಿ.ವಿ. ಮುಂದೆ ಕುಳಿತೆವು.

ಮೊದಲು ಆನೆಯ ಸಿನಿಮಾ. ನಮಗೆ ನೆನಪಿದ್ದದ್ದು ರಾಜೇಶ್ ಖನ್ನಾ ಮತ್ತು ಆನೆಗಳ ಆಟಪಾಟ ಮಾತ್ರ. ಈಗ ಕಣ್ಣು ಬೇರೆಡೆ ನಿಂತಿತು. ಆನೆ ರಾಮು ಕೂಸನ್ನು ಹಾವಿನಿಂದ ಕಾಪಾಡಲು ಬರುತ್ತದೆ. ಕೊಲ್ಲಲು ಬಂತೆಂದು ತಾಯಿ ಹೆದರುತ್ತಾಳೆ. ಕೊನೆಗೆ ಅದೇ ರಾಮು ಯಜಮಾನನಿಗೆ ಬರಬೇಕಿದ್ದ ಗುಂಡಿಗೆ ತಾನೇ ಎದೆಯೊಡ್ಡುತ್ತದೆ. ಬಾಲ್ಯದಲ್ಲಿ ಆ ತಾಯಿಯನ್ನು ಬೈದವರು ನಾವು. ಈಗ ಮಕ್ಕಳಿರುವವರಾಗಿ ಅವಳ ಅಂಜಿಕೆಯೂ ತಿಳಿಯಿತು, ವಿಚಾರಿಸದೆ ತೀರ್ಪು ಕೊಡುವ ನಮ್ಮ ಆತುರವೂ ತಿಳಿಯಿತು.

ಮರುದಿನ ‘ಮಿಸ್ಟರ್ ಇಂಡಿಯಾ’. ಅನಾಥ ಮಕ್ಕಳನ್ನು ಸಾಕುವ ಅರುಣ್, ತಂದೆ ಕಂಡುಹಿಡಿದ ಸಾಧನವನ್ನು ಕೈಗೆ ಕಟ್ಟಿದರೆ ಯಾರಿಗೂ ಕಾಣಿಸುವುದಿಲ್ಲ. ಕೆಂಪು ಬೆಳಕಿನಲ್ಲಿ ಮಾತ್ರ ಕಾಣುತ್ತಾನೆ. ಮೊಗ್ಯಾಂಬೊ ಆದ ಅಮರೀಶ್ ಪುರಿಯನ್ನು ಕಂಡು ಮಕ್ಕಳು ನಮ್ಮಂತೆಯೇ ಹೆದರಿದರು. ನಾವು ಮಾತ್ರ ಇನ್ನೊಬ್ಬನನ್ನು ಕಂಡು ಹೆದರಿದೆವು. ಅವನು ಧಾನ್ಯದಲ್ಲಿ ಕಲ್ಲು ಬೆರೆಸಿ ಮಾರುವ ಕಿರಾಣಿ ಅಂಗಡಿಕಾರ. ಕಾಣದ ಕೈಯೊಂದು ಅವನಿಗೆ ಅದೇ ಕಲ್ಲು ತಿನ್ನಿಸುತ್ತದೆ. ಅಂದು ಚಪ್ಪಾಳೆ ಹೊಡೆದಿದ್ದೆವು. ಇಂದು ನಾವೇ ಗಲ್ಲೆಯ ಮೇಲೆ ಕೂಡುವವರು.

ಅಣ್ಣನ ಮಗಳು ತಿರುಗಿ ಕೇಳಿದಳು: “ಕಾಕಾ, ನಾವೂ ಬ್ಯಾಳ್ಯಾಗ ಕಲ್ಲ ಕೂಡಸ್ತೀವೇನ್ರಿ?”

“ಇಲ್ಲವ್ವ” ಎಂದೆವು. ಮಾತು ನಿಜವೇ. ಆದರೆ ಆ ವಾರವೇ ಒಬ್ಬ ಠೋಕ ವ್ಯಾಪಾರಿ ಬೇರೆ ಬೇಳೆ ಬೆರೆಸಿದ ತೊಗರಿ ಬೇಳೆಯ ನಮೂನೆ ಕಳಿಸಿದ್ದ. ದರ ಕಡಿಮೆ, ನೋಡಿದರೆ ಗೊತ್ತಾಗದು. ನಾವು ಬೇಡವೆಂದೂ ಹೇಳಿರಲಿಲ್ಲ, ಕಳಿಸೆಂದೂ ಹೇಳಿರಲಿಲ್ಲ. ನಮೂನೆಯ ಪುಡಿಕೆ ಗಲ್ಲೆಯಲ್ಲೇ ಇತ್ತು.

ಕಲಬೆರಕೆ ತಡೆಯುವ ಕಾಯ್ದೆ ನಮ್ಮ ದೇಶಕ್ಕೆ ಬಂದದ್ದು 1954ರಲ್ಲಿ. ಅದಕ್ಕಿಂತ ಸಾವಿರ ವರ್ಷಗಳಿಗೂ ಹಿಂದೆ ಉಮಾಸ್ವಾಮಿ ಆಚಾರ್ಯರು ತತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ತೂಕ ಅಳತೆಯಲ್ಲಿ ಮೋಸ ಒಂದು. ಒಳ್ಳೆಯ ಮಾಲಿನಲ್ಲಿ ಹೀನ ಮಾಲು ಬೆರೆಸುವ ‘ಪ್ರತಿರೂಪಕ ವ್ಯವಹಾರ’ ಇನ್ನೊಂದು. ಶ್ರಾವಕರಾದ ನಾವು ಅದನ್ನು ಬಾಯಿಪಾಠ ಮಾಡಿದ್ದೆವು. ಆದರೂ ಒಂದು ಸಿನಿಮಾ ಮತ್ತು ಒಂದು ಕೂಸಿನ ಪ್ರಶ್ನೆ ಬೇಕಾಯಿತು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಠೋಕ ವ್ಯಾಪಾರಿಗೆ ಫೋನು ಮಾಡಿ ಬೇಡವೆಂದೆವು. ಸ್ವಲ್ಪ ಹೊತ್ತಿಗೆ ಹುಡುಗಿ ಬಂದು ಬೇಳೆಯ ಚೀಲದಲ್ಲಿ ಕೈಯಾಡಿಸಿ, ಸಣ್ಣ ಕಲ್ಲೊಂದನ್ನು ಹೆಕ್ಕಿ ನಮ್ಮ ಮುಖ ನೋಡಿದಳು.

“ಅದು ರಾಶಿ ಕಣದ್ದವ್ವ, ನಾವು ಹಾಕಿದ್ದಲ್ಲ” ಎಂದೆವು.

ನಂಬಿದಳು. ಕಣ್ಣು ತಪ್ಪಿಸದೆ ಹೇಳಲು ಬಂತಲ್ಲ, ಅಷ್ಟು ಸಾಕು.