ಮೊದಲು ರಾತ್ರಿಗಳನ್ನು ಬರೆದುಕೊಳ್ಳಿ

ನೇಪಾಳದ ಖುಂಬು ಸೀಮೆಯಲ್ಲಿ, ಎವರೆಸ್ಟಿನ ನೆರೆಯಲ್ಲೇ, ಮೂರು ಪಾಸ್‌ಗಳ ಚಾರಣ ಎಂಬುದೊಂದಿದೆ. ಪಾಸ್ ಎಂದರೆ ಎರಡು ಪರ್ವತಗಳ ನಡುವಿನ ತಗ್ಗಿನಲ್ಲಿ ಒಂದು ಕಣಿವೆಯಿಂದ ಇನ್ನೊಂದಕ್ಕೆ ದಾಟುವ ಜಾಗ. ಇಲ್ಲಿ ತಗ್ಗು ಎನ್ನುವುದೂ ಆಕಾಶದಲ್ಲೇ ಇದೆ: ಕೊಂಗ್ಮಾ ಲಾ 5,535 ಮೀಟರ್, ಚೋ ಲಾ 5,420, ರೆಂಜೋ ಲಾ ಸುಮಾರು 5,360. ಲುಕ್ಲಾದಲ್ಲಿ ವಿಮಾನ ಇಳಿದು ಮೂರನ್ನೂ ದಾಟಿ ಮತ್ತೆ ಲುಕ್ಲಾ ತಲುಪಲು ಹತ್ತಿರ ಹತ್ತಿರ ಮೂರು ವಾರ ಬೇಕು. ಹೋಗಿಬಂದವರೆಲ್ಲ ಅಲ್ಲಿನ ಶಿಖರ, ಸರೋವರಗಳನ್ನು ಕೊಂಡಾಡುತ್ತಾರೆ. ನನಗೆ ಅಷ್ಟೇ ಬೆರಗು ಹುಟ್ಟಿಸುವುದು, ಪಳಗಿದ ಚಾರಣಿಗರು ಹೊರಡುವುದಕ್ಕೆ ತಿಂಗಳುಗಳ ಮುಂಚೆ ಕೂತು ಬರೆಯುವ ಒಂದು ಹಾಳೆ.

ಹೊಸಬರು ಆ ಹಾಳೆಯಲ್ಲಿ ದಿನಕ್ಕೆ ಎಷ್ಟು ಕಿಲೋಮೀಟರ್ ನಡೆಯಬೇಕು ಎಂದು ಬರೆಯುತ್ತಾರೆ. ಪಳಗಿದವರು ಮೊದಲು ರಾತ್ರಿಗಳನ್ನು ಬರೆಯುತ್ತಾರೆ: ಯಾವ ತಾರೀಕಿಗೆ ಯಾವ ಊರಲ್ಲಿ ಮಲಗುವುದು, ಆ ಊರಿನ ಎತ್ತರವೆಷ್ಟು, ನಿನ್ನೆ ಮಲಗಿದ್ದಕ್ಕಿಂತ ಎಷ್ಟು ಮೇಲೆ. ಉಳಿದದ್ದೆಲ್ಲ ಈ ಲೆಕ್ಕದ ಸುತ್ತ ಕೂರುತ್ತದೆ.

ಇದಕ್ಕೆ ಕಾರಣ ಇರುವುದು ನಮ್ಮ ಮೈಯಲ್ಲಿ. 5,500 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧದಷ್ಟು. ಒಂದು ಉಸಿರಿಗೆ ಸಿಗುವ ಆಮ್ಲಜನಕವೂ ಸುಮಾರು ಅರ್ಧ. ಮೈ ತಕ್ಷಣ ಉಸಿರಾಟ ಹೆಚ್ಚಿಸುತ್ತದೆ. ಆದರೆ ಹಾಗೆ ಜೋರಾಗಿ ಉಸಿರಾಡಿದಾಗ ಇಂಗಾಲದ ಡೈ ಆಕ್ಸೈಡ್ ಹೆಚ್ಚು ಹೊರಹೋಗಿ ರಕ್ತದ ಕ್ಷಾರತೆ ಏರುತ್ತದೆ, ಅದೇ ಉಸಿರಾಟಕ್ಕೆ ಕಡಿವಾಣವಾಗುತ್ತದೆ. ಮೂತ್ರಪಿಂಡಗಳು ಆ ಕ್ಷಾರವನ್ನು ಹೊರಹಾಕಿ ಹದ ತರುವುದಕ್ಕೆ ದಿನಗಳೇ ಬೇಕು. ಅದಕ್ಕೆ ಮೊದಲು ನಿದ್ದೆಯಲ್ಲಿ ಉಸಿರು ಏರುತ್ತದೆ, ಇಳಿಯುತ್ತದೆ, ಕೆಲವು ಕ್ಷಣ ನಿಂತೇ ಹೋಗುತ್ತದೆ. ಎಚ್ಚರವಿರುವಾಗ ಸಾಲುತ್ತಿದ್ದ ಗಾಳಿ ಮಲಗಿದಾಗ ಸಾಲದಾಗುತ್ತದೆ. ಹಗಲು ಎಷ್ಟೇ ಎತ್ತರ ಹತ್ತಿ ಬಂದರೂ ಕೆಳಗೆ ಬಂದು ಮಲಗಿದವರು ಇದರಿಂದಲೇ ಹೆಚ್ಚು ಸುರಕ್ಷಿತ.

ಪರ್ವತ ವೈದ್ಯರು ಹೇಳುವ ನಿಯಮ ಸರಳವಾಗಿದೆ: 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ, ಮೂರು ನಾಲ್ಕು ದಿನಕ್ಕೊಮ್ಮೆ ಇದ್ದಲ್ಲೇ ಇನ್ನೊಂದು ರಾತ್ರಿ ಉಳಿಯಿರಿ. ಆದರೆ ಊರುಗಳು ನಿಯಮ ನೋಡಿಕೊಂಡು ಹುಟ್ಟಿದವಲ್ಲ. ನೀರು, ಬಯಲು, ಯಾಕ್‌ಗಳ ಮೇವು ಇದ್ದಲ್ಲಿ ಶೆರ್ಪಾಗಳು ನೆಲೆಸಿದರು. ಫಾಕ್ಡಿಂಗ್ 2,610 ಮೀಟರ್, ಮರುದಿನದ ನಾಮ್ಚೆ ಬಜಾರ್ 3,440. ಒಂದೇ ದಿನದಲ್ಲಿ ಎಂಟುನೂರು ಮೀಟರ್ ಜಿಗಿತ! ಹಾಗಾಗಿ ನಾಮ್ಚೆಯಲ್ಲಿ ಎರಡು ರಾತ್ರಿ. ನಂತರ ತೆಂಗ್‌ಬೋಚೆ 3,860, ಅಲ್ಲಿಂದ ದಿಂಗ್‌ಬೋಚೆ 4,410. ಮತ್ತೆ 550 ಮೀಟರ್. ಅಲ್ಲೂ ಎರಡು ರಾತ್ರಿ. ಆ ಬಿಡುವಿನ ದಿನ ಲಾಡ್ಜಿನಲ್ಲಿ ಹೊದ್ದು ಮಲಗುವುದಕ್ಕಲ್ಲ. ಊರ ಮೇಲಿನ ಗುಡ್ಡವನ್ನು 5,000 ಮೀಟರಿನ ಹತ್ತಿರದವರೆಗೆ ಹತ್ತಿ, ಮಧ್ಯಾಹ್ನದ ದಾಲ್‌ಭಾತ್‌ಗೆ ಕೆಳಗಿಳಿಯುತ್ತಾರೆ. ಮುಂದಿನ ಚುಖುಂಗ್ 4,730. ಅಲ್ಲೂ ಒಂದು ದಿನ ಹೆಚ್ಚಿಗೆ ಇಟ್ಟುಕೊಳ್ಳುವವರೇ ನನ್ನ ಮೆಚ್ಚಿನ ಯೋಜಕರು, ಏಕೆಂದರೆ ಅದರ ಮುಂದಿನ ಸಾಲು ಕೊಂಗ್ಮಾ ಲಾ.

ಆ ಒಂದು ಸಾಲನ್ನು ಹತ್ತಿರದಿಂದ ನೋಡಿ. ಚುಖುಂಗ್‌ನಿಂದ ಪಾಸ್‌ವರೆಗೆ 800 ಮೀಟರ್ ಏರು. ನಡುವೆ ಒಂದೂ ಚಹಾದಂಗಡಿಯಿಲ್ಲ, ಕುಡಿಯುವ ನೀರನ್ನೂ ಹೊತ್ತೇ ಹೋಗಬೇಕು. ಪಾಸ್ ಇಳಿದರೆ ಆಚೆ ದಡದಲ್ಲಿ ಲೋಬುಚೆಯ ಲಾಡ್ಜುಗಳು ಕಾಣುತ್ತವೆ. ದಣಿದವರಿಗೆ ಬಂದೇಬಿಟ್ಟೆವು ಎನಿಸುತ್ತದೆ. ನಡುವೆ ಮಲಗಿರುವುದು ಖುಂಬು ಹಿಮನದಿ, ಕಲ್ಲು ಮಣ್ಣು ಹೊದ್ದ ಏರುತಗ್ಗುಗಳ ರಾಶಿ. ಅದರ ಮೇಲೆ ದಾರಿ ಹುಡುಕಿಕೊಂಡು ದಾಟುವಷ್ಟರಲ್ಲಿ ಕಾಲಿನ ಶಕ್ತಿಯೂ ಹಗಲಿನ ಬೆಳಕೂ ಮುಗಿಯುತ್ತ ಬಂದಿರುತ್ತವೆ. ಆದ್ದರಿಂದ ಹಾಳೆಯಲ್ಲಿ ಲೋಬುಚೆಯಿಂದ ಹಿಂದಕ್ಕೆ ಗಂಟೆ ಎಣಿಸಬೇಕು: ಕತ್ತಲಿಗೆ ಮುಂಚೆ ಹಿಮನದಿ ದಾಟಬೇಕಾದರೆ ಪಾಸ್ ಮೇಲೆ ಎಷ್ಟು ಹೊತ್ತಿಗಿರಬೇಕು, ಅದಕ್ಕೆ ಬೆಳಗಿನ ಜಾವ ಎಷ್ಟಕ್ಕೆ ಏಳಬೇಕು, ಎಷ್ಟು ಗಂಟೆಯವರೆಗೆ ಪಾಸ್ ಮುಟ್ಟದಿದ್ದರೆ ಚುಖುಂಗ್‌ಗೇ ಹಿಂದಿರುಗಬೇಕು. ಹಿಂದಿರುಗುವ ಗಂಟೆಯನ್ನು ಮನೆಯಲ್ಲಿ ಕೂತು, ತಲೆ ತಣ್ಣಗಿರುವಾಗಲೇ ಬರೆದಿಡುವುದು ದೊಡ್ಡ ವಿವೇಕ. ಮೇಲೆ ಆಮ್ಲಜನಕ ಕಡಿಮೆಯಾದಾಗ ಮೊದಲು ಮಂಕಾಗುವುದು ತೀರ್ಮಾನ ಮಾಡುವ ಬುದ್ಧಿಯೇ.

ಈ ಸುತ್ತನ್ನು ಎರಡೂ ದಿಕ್ಕಿನಿಂದ ನಡೆಯಬಹುದು. ಪಶ್ಚಿಮದಿಂದ ಹೊರಟರೆ ನಾಮ್ಚೆ ಬಿಟ್ಟ ಕೆಲವೇ ದಿನಗಳಲ್ಲಿ ರೆಂಜೋ ಲಾ ಎದುರಾಗುತ್ತದೆ, ಮೈ ಇನ್ನೂ ಹದವಾಗಿರುವುದಿಲ್ಲ. ಪೂರ್ವದಿಂದ ಹೋದರೆ ಅತಿ ಎತ್ತರದ ಪಾಸ್ ಮೊದಲು ಬಂದರೂ ಅದಕ್ಕೆ ಮುಂಚೆ ಹದಗೊಳ್ಳಲು ಊರುಗಳಿವೆ, ಗುಡ್ಡಗಳಿವೆ. ಗೋರಕ್‌ಶೆಪ್‌ನಲ್ಲಿ 5,164 ಮೀಟರಿನ ಒಂದು ರಾತ್ರಿ ಕಳೆದರೆ ಅಲ್ಲಿಂದಾಚೆ ಮಲಗುವ ಊರುಗಳೆಲ್ಲ ಅದಕ್ಕಿಂತ ಕೆಳಗೇ: ಜೊಂಗ್ಲಾ 4,830, ಥಂಗ್ನಾಕ್ 4,700, ಗೋಕ್ಯೋ ಸುಮಾರು 4,750. ಚೋ ಲಾದ ಹಿಮನದಿಯೂ ಪೂರ್ವದ ಮಗ್ಗುಲಲ್ಲೇ ಇರುವುದರಿಂದ, ಜೊಂಗ್ಲಾದಿಂದ ನಸುಕಿಗೆ ಹೊರಟವರಿಗೆ ಗಟ್ಟಿ ಮಂಜಿನ ಮೇಲೆ ನಡೆಯಲು ಸಿಗುತ್ತದೆ. ನನ್ನನ್ನು ಕೇಳಿದರೆ ಪೂರ್ವದ ದಾರಿಯನ್ನೇ ಹೇಳುತ್ತೇನೆ.

ಹಾಳೆಯಲ್ಲಿ ಇನ್ನೊಂದು ಕಾಲಂ ಇರುತ್ತದೆ: ಕಾಯಿಲೆ ಬಿದ್ದರೆ ಇಳಿಯುವ ದಾರಿ. ತಲೆನೋವು, ವಾಂತಿಯೊಂದಿಗೆ ಶುರುವಾಗುವ ಎತ್ತರದ ಕಾಯಿಲೆ ಬಿಗಡಾಯಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ, ಇಲ್ಲವೇ ಮಿದುಳು ಊದುತ್ತದೆ. ಅಸೆಟಜೋಲಮೈಡ್ ಮಾತ್ರೆ ಹೊಂದಿಕೊಳ್ಳುವುದನ್ನು ಚುರುಕುಗೊಳಿಸುತ್ತದೆ, ಅದನ್ನು ವೈದ್ಯರನ್ನು ಕೇಳಿಯೇ ಒಯ್ಯಬೇಕು. ನಿಜವಾದ ಮದ್ದು ಇಳಿಯುವುದು. ಲೋಬುಚೆಯಿಂದಾದರೆ ಫೆರಿಚೆಗೆ ಇಳಿಯಬಹುದು, ಅಲ್ಲಿ 1973ರಲ್ಲಿ ಹುಟ್ಟಿದ ಹಿಮಾಲಯನ್ ರೆಸ್ಕ್ಯೂ ಅಸೋಸಿಯೇಷನ್ನಿನ ಚಿಕಿತ್ಸಾಲಯವಿದೆ. ಗೋಕ್ಯೋದಿಂದ ಕಣಿವೆಗುಂಟ ಮಚ್ಛೆರ್ಮೋ, ದೋಲೆ. ಎರಡು ಪಾಸ್‌ಗಳ ನಡುವೆ ಹೀಗೆ ಕೆಳಗಿಳಿಯುವ ಕಣಿವೆಗಳಿರುವುದು ಈ ಚಾರಣದ ದೊಡ್ಡ ಉಪಕಾರ.

ತಾರೀಕುಗಳಿಗೆ ಅಕ್ಟೋಬರ್, ನವೆಂಬರ್ ಒಳ್ಳೆಯದು, ಮಳೆ ತೊಳೆದ ಆಕಾಶವಿರುತ್ತದೆ. ಆದರೆ ಅದೇ ಹೊತ್ತಿಗೆ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳ ಕಾಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣಕ್ಕೆ ಅಪ್ಪಳಿಸಿದ ಹುದ್‌ಹುದ್, ಎರಡು ದಿನದಲ್ಲಿ ಅನ್ನಪೂರ್ಣ ಸೀಮೆಯ ಥೊರೊಂಗ್ ಲಾ ಸುತ್ತಮುತ್ತ ಹಿಮವಾಗಿ ಸುರಿದು ನೇಪಾಳದಲ್ಲಿ 40ಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಅಂದಿನಿಂದ ಹುಷಾರಾದವರು ಪರ್ವತದ ಹವಾಮಾನದ ಜೊತೆಗೆ ಆಂಧ್ರ, ಒಡಿಶಾ ಕರಾವಳಿಯ ಸುದ್ದಿಯನ್ನೂ ನೋಡುತ್ತಾರೆ. ಪ್ರತಿ ಪಾಸ್‌ಗೆ ಮುಂಚೆ ಒಂದು ದಿನ ಖಾಲಿ ಬಿಡುತ್ತಾರೆ.

ನಮ್ಮಲ್ಲಿಂದ ಹೋಗುವವರ ತಾಲೀಮಿಗೆ ಕುಮಾರಪರ್ವತ ಚೆನ್ನಾಗಿದೆ. ಬೆನ್ನ ಮೇಲೆ ಭಾರ ಹೊತ್ತು ಹತ್ತಿದರಷ್ಟೇ ಸಾಲದು, ಅದೇ ಭಾರದೊಂದಿಗೆ ಇಳಿದು ಮಂಡಿಗಳನ್ನೂ ಪಳಗಿಸಬೇಕು. ಎತ್ತರದ ತಾಲೀಮು ಮಾತ್ರ ಇಲ್ಲಿ ಸಿಗುವುದಿಲ್ಲ: ಕರ್ನಾಟಕದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್, ನಾಮ್ಚೆಯ ಬೀದಿಗಳು ಅದಕ್ಕಿಂತ ಒಂದೂವರೆ ಸಾವಿರ ಮೀಟರ್ ಮೇಲಿವೆ. ಸಾಮಾನು ಹೊರುವವರನ್ನು ಗೊತ್ತು ಮಾಡಿದರೆ ಅವರ ಬೂಟು, ಬೆಚ್ಚನೆ ಬಟ್ಟೆ, ವಿಮೆಯೂ ನಿಮ್ಮ ಹಾಳೆಯಲ್ಲೇ ಬರಬೇಕು. ಅವರು ತಗ್ಗಿನ ಊರಿನವರಾಗಿದ್ದರೆ ಎತ್ತರ ಅವರನ್ನೂ ಕಾಡುತ್ತದೆ.

ಕೊನೆಯ ಸಾಲುಗಳು ಲುಕ್ಲಾದವು. ಅಲ್ಲಿನ ರನ್‌ವೇ 527 ಮೀಟರ್ ಉದ್ದದ ಇಳಿಜಾರು, ಒಂದು ತುದಿಗೆ ಬೆಟ್ಟ, ಇನ್ನೊಂದು ತುದಿಗೆ ಕಮರಿ. ಮೋಡ ಕವಿದರೆ ವಿಮಾನ ಹಾರುವುದಿಲ್ಲ, ಕೆಲವೊಮ್ಮೆ ದಿನಗಟ್ಟಲೆ. ಹಾಗಾಗಿ ಲುಕ್ಲಾದಿಂದ ಹೊರಡುವ ದಿನಕ್ಕೂ ಕಠ್ಮಂಡುವಿನಿಂದ ಊರಿಗೆ ಹೊರಡುವ ಟಿಕೆಟ್ಟಿಗೂ ನಡುವೆ ಮೂರು ದಿನವಾದರೂ ಬಿಡಿ. ಮೊದಲ ದಿನವೇ ವಿಮಾನ ಸಿಕ್ಕಿತೋ, ಭಕ್ತಪುರ ಮತ್ತು ಪಾಟನ್‌ನ ಹಳೆಯ ಬೀದಿಗಳನ್ನು ಸುತ್ತಲು ಅಷ್ಟು ದಿನ ಬೇಕೇ ಬೇಕು.