ಓಡುವ ನಾಯಿಯ ಚಿತ್ರ

ರಾಮದುರ್ಗದ ಬದಿಯ ನಮ್ಮ ಎರೆಹೊಲದಲ್ಲಿ ಮನೆಯ ಮುಧೋಳ ನಾಯಿ ಓಡುವಾಗ ಗೆಳೆಯನ ಕ್ಯಾಮರಾದಿಂದ ಚಿತ್ರ ತೆಗೆದು ಅಪ್ಪನಿಗೆ ತೋರಿಸಿದೆ. “ಛಲೋ ಐತಿ, ಆದ್ರ ಇದು ನಿಂತೈತಲ್ಲೋ, ಓಡವಲ್ದು” ಎಂದರು. ಶಾಲೆಯ ಮೆಟ್ಟಿಲು ಹತ್ತದ ಅಪ್ಪನ ಆ ಮಾತಿನಲ್ಲಿ ಒಂದು ಶಾಸ್ತ್ರವೇ ಅಡಗಿರುವದು.

ಶಟರೆಂದರೆ ಕ್ಯಾಮರಾದೊಳಕ್ಕೆ ಬೆಳಕು ಬಿಡುವ ಬಾಗಿಲು. ಅದು ತೆರೆದಿರುವಷ್ಟು ಹೊತ್ತಿನ ಚಲನೆಯೆಲ್ಲ ಚಿತ್ರದಲ್ಲಿ ಮೂಡುವದು. ಸೆಕೆಂಡಿಗೆ 10 ಮೀಟರು ಓಡುವ ನಾಯಿ 1/1000 ಸೆಕೆಂಡಿನಲ್ಲಿ ಒಂದೇ ಸೆಂಟಿಮೀಟರು ಸರಿಯುವದು. ಆದ್ದರಿಂದ ಕಲ್ಲಿನಲ್ಲಿ ಕಡೆದಂತೆ ಕಾಣುವದು. ನನ್ನ ಮೊದಲ ಚಿತ್ರ ಅಂಥದು. 1/30 ಸೆಕೆಂಡಿನಲ್ಲಾದರೋ ಸುಮಾರು 33 ಸೆಂಟಿಮೀಟರು ಸರಿದು ಎಲ್ಲವೂ ಮಸುಕಾಗುವದು. ಇದಕ್ಕೆ ಉಪಾಯವೆಂದರೆ, ನಾಯಿಯ ಓಟಕ್ಕೆ ಸಮನಾಗಿ ಕ್ಯಾಮರಾವನ್ನೂ ತಿರುಗಿಸುತ್ತ ಗುಂಡಿ ಒತ್ತುವದು. ಆಗ ಮೈ ಸ್ಪಷ್ಟವಾಗಿ, ಕಾಲು ಮಸುಕಾಗಿ, ಹಿಂದಿನ ಜೋಳದ ಬೆಳೆ ಗೆರೆಗೆರೆಯಾಗಿ ಬರುವದು.

ಹಾಗೆಂದು ಶೀಘ್ರ ಶಟರು ವ್ಯರ್ಥವಲ್ಲ. 1878ರಲ್ಲಿ ಅಮೇರಿಕೆಯಲ್ಲಿ ಮೈಬ್ರಿಜ್ ಎಂಬವರು ತೆಗೆದ ಚಿತ್ರಗಳು, ಓಡುವ ಕುದುರೆಯ ನಾಲ್ಕೂ ಕಾಲುಗಳು ಒಂದು ಕ್ಷಣ ನೆಲ ಬಿಡುವದನ್ನು ತೋರಿಸಿದವು. ಬರಿಗಣ್ಣಿಗೆ ಅದು ನಿಲುಕುವಂತಿರಲಿಲ್ಲ.

ಎರಡನೆಯ ಚಿತ್ರವನ್ನು ಅಪ್ಪ ಬಹಳ ಹೊತ್ತು ನೋಡಿದರು. “ಹಾಂ, ಇದು ನಮ್ಮ ನಾಯಿ” ಎಂದರು.